ನಾಗಾರ್ಜುನನಿಗೆ ಕ್ವಾಂಟಮ್ ಸರ್ಟಿಫಿಕೇಟ್ ಬೇಕಾ?

ಎರಡು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಗಡಿಬಿಡಿ ಅಂದರೆ ನೀವು ನಂಬ್ತೀರಿ, ಆದರೆ ಅದು ಅರ್ಧ ಸತ್ಯ. ಬರೆಯಬೇಕಾದ ವಿಷಯವೊಂದು ತಲೆಯಲ್ಲಿ ಕೂತಿತ್ತು. ಅದನ್ನು ಬರೆದರೆ ನನ್ನ ದಡ್ಡತನವನ್ನೂ ಬರೆಯಬೇಕಾಗುತ್ತಲ್ಲ ಅಂತ ದಿನ ದೂಡುತ್ತಾ ಬಂದೆ. ಇವತ್ತು ಶನಿವಾರ. ಹೊರಗೆ ಮಳೆ, ಪಕ್ಕದಲ್ಲಿ ಒಂದು ಲೋಟ ಕಾಫಿ. ಬರೆದುಬಿಡ್ತೀನಿ.

ಹೋದ ವರ್ಷ ದೀಪಾವಳಿಗೆ ಶಿವಮೊಗ್ಗಕ್ಕೆ ಹೋದಾಗ ಅತ್ತೆಯ ಕೊರಳಲ್ಲಿ ಹೊಸದೊಂದು ಪದಕ ಕಂಡಿತು. ಕಪ್ಪು ಕಲ್ಲಿನ ಬಿಲ್ಲೆಯ ಥರ ಇತ್ತು.

"ಇದೇನು ಅತ್ತೆ, ಹೊಸದು?" ಅಂದೆ.

"ಕ್ವಾಂಟಮ್ ಪದಕ ಕಣೋ ಪುಟ್ಟಾ. ನೀನೇ ಹೇಳಿದ್ದೆಯಲ್ಲ!"

ನಾನು ಯಾವಾಗ ಹೇಳಿದೆ ಅಂತ ನನಗೆ ನೆನಪಾಗಲಿಲ್ಲ. ನಕ್ಕು ಸುಮ್ಮನಾದೆ. ಐದೂವರೆ ಸಾವಿರ ಕೊಟ್ಟು ಯಾವುದೋ ಶಿಬಿರದಲ್ಲಿ ತಗೊಂಡಿದ್ದರಂತೆ. ಅತ್ತೆ ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್, ಪೆನ್ಷನ್ನಿನಲ್ಲಿ ಒಬ್ಬರೇ ಇರುವವರು. ಜನವರಿಯಲ್ಲಿ ಒಂದು ರಾತ್ರಿ ತಲೆ ಸುತ್ತಿ ಬಿದ್ದರು. ಪಕ್ಕದ ಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಿಪಿ ವಿಪರೀತ ಏರಿತ್ತು. ಡಾಕ್ಟರು ಕೇಳಿದ ಮೇಲೆ ಗೊತ್ತಾಯ್ತು, ಮೂರು ತಿಂಗಳಿಂದ ಅತ್ತೆ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಳ್ತಾ ಇದ್ದರು. ಪದಕ ಇದೆಯಲ್ಲ ಅಂತ! ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಈಗ ಆರಾಮಾಗಿದ್ದಾರೆ.

ಶಿಬಿರದಲ್ಲಿ ಅವರಿಗೆ ಹೇಳಿದ್ದು ಇಷ್ಟು: ಎಲ್ಲವೂ ಶೂನ್ಯ ಅಂತ ಬುದ್ಧ ಹೇಳಿದ, ಕ್ವಾಂಟಮ್ ವಿಜ್ಞಾನ ಅದನ್ನೀಗ ಸಾಬೀತು ಮಾಡಿದೆ, ನೋಡುವವನ ಮನಸ್ಸಿನ ಹಾಗೆ ವಾಸ್ತವ ಬದಲಾಗುತ್ತೆ, ಕಾಯಿಲೆಯೂ ಅಷ್ಟೇ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಫ್ಯಾಮಿಲಿ ಗ್ರೂಪಿನ ಹಳೇ ಮೆಸೇಜುಗಳನ್ನು ಕೆದಕಿದೆ. ಸಿಕ್ಕಿತು. ಮೂರು ವರ್ಷದ ಹಿಂದೆ ಯಾರೋ ಇಂಥದ್ದೇ ಒಂದು ಫಾರ್ವರ್ಡ್ ಹಾಕಿದ್ದರು. "ಇದು ನಿಜವೇನೋ? ನೀನು ಇಂಜಿನಿಯರ್ ಅಲ್ವಾ?" ಅಂತ ಅತ್ತೆ ಕೇಳಿದ್ದರು. ಮೊದಲ ಸೆಮಿಸ್ಟರಿನಲ್ಲಿ ಇಂಜಿನಿಯರಿಂಗ್ ಫಿಸಿಕ್ಸ್ ಓದಿ ಪಾಸಾದ ನಾನು ಉತ್ತರ ಬರೆದಿದ್ದೆ: "ಹೌದು ಅತ್ತೆ. ನೋಡುವವನಿಂದಲೇ ವಾಸ್ತವ ಅಂತ ಕ್ವಾಂಟಮ್ ಹೇಳುತ್ತೆ. ನಮ್ಮವರಿಗೆ ಎರಡು ಸಾವಿರ ವರ್ಷದ ಹಿಂದೇ ಗೊತ್ತಿತ್ತು." ಕೆಳಗೆ ಇಪ್ಪತ್ತೆರಡು ಜನ ಕೈಮುಗಿದಿದ್ದರು.

ಪದಕ ಮಾರಿದವರು ಯಾರೋ. ಅದಕ್ಕೆ ಮನೆಯೊಳಗೆ ಜಾಗ ಮಾಡಿಕೊಟ್ಟವನು ನಾನು.

*

ಅಲ್ಲಿಂದ ಈಚೆಗೆ ಈ ವಿಷಯವನ್ನು ಸ್ವಲ್ಪ ಕೂತು ಓದಿದೆ. ನಾನು ಫಿಸಿಸಿಸ್ಟ್ ಅಲ್ಲ, ಬೌದ್ಧ ಪಂಡಿತನಂತೂ ಅಲ್ಲವೇ ಅಲ್ಲ. ಆದರೆ ಕೋಡ್ ಬರೆಯುವವನಿಗೆ ಒಂದು ಅನುಕೂಲ ಇದೆ. ಅರ್ಥ ಆಗದ್ದನ್ನು ಓಡಿಸಿ ನೋಡಬಹುದು.

ನೋಡಿ, ಕ್ವಾಂಟಮ್ ಕಂಪ್ಯೂಟರಿನ ಒಂದು ಬಿಟ್‌ಗೆ ಕ್ಯೂಬಿಟ್ ಅಂತಾರೆ. ಅದನ್ನು ಸೊನ್ನೆಯಲ್ಲಿಟ್ಟು, ಹ್ಯಾಡಮಾರ್ಡ್ ಅನ್ನುವ ಗೇಟ್ ಒಂದು ಸಲ ಹಾಕಿ ಅಳೆದರೆ, ಸಾವಿರ ಸಲದಲ್ಲಿ ಸುಮಾರು ಐನೂರು ಸಲ ಸೊನ್ನೆ, ಐನೂರು ಸಲ ಒಂದು. "ಓಹೋ, ನಾಣ್ಯ ಚಿಮ್ಮಿದ ಹಾಗೆ" ಅಂತ ಅನ್ನಿಸುತ್ತೆ. ಈಗ ಅಳೆಯುವ ಮುಂಚೆ ಅದೇ ಗೇಟನ್ನು ಇನ್ನೊಂದು ಸಲ ಹಾಕಿ. ನಾಣ್ಯವಾಗಿದ್ದರೆ ಎರಡು ಸಲ ಚಿಮ್ಮಿದರೂ ಅರ್ಧ ಅರ್ಧವೇ ಬರಬೇಕು. ಬರಲ್ಲ! ಸಾವಿರಕ್ಕೆ ಸಾವಿರ ಸಲವೂ ಸೊನ್ನೆ. ಅಂದರೆ ನಡುವಿನ ಆ ಸ್ಥಿತಿ "ಸೊನ್ನೆಯೋ ಒಂದೋ, ನನಗೆ ಗೊತ್ತಿಲ್ಲ ಅಷ್ಟೇ" ಅನ್ನುವಂಥದ್ದಲ್ಲ. ಅದು ಬೇರೆಯದೇ ಆದ, ಆದರೆ ತುಂಬಾ ನಿಖರವಾದ ಒಂದು ಸ್ಥಿತಿ. ಅದನ್ನೇ ಸೂಪರ್‌ಪೊಸಿಷನ್ ಅನ್ನೋದು.

ಈಗ ಎರಡು ಗೇಟುಗಳ ನಡುವೆ ಒಂದು ಅಳತೆ ಇಟ್ಟು ನೋಡಿ. ಮತ್ತೆ ಅರ್ಧ ಅರ್ಧ. ನಡುವಿನ ಅಳತೆಯ ಉತ್ತರ ಒಂದು ಫೈಲಿಗೆ ಹೋಗುತ್ತೆ. ಆ ಫೈಲನ್ನು ನಾನು ತೆರೆದು ನೋಡಲೇ ಇಲ್ಲ, ಎದ್ದು ಕಾಫಿಗೆ ಹೋಗಿದ್ದೆ. ನೋಡಿದರೂ ಅಷ್ಟೇ, ನೋಡದಿದ್ದರೂ ಅಷ್ಟೇ.

ನಾನು ಮಾಡಿದ್ದು ಲ್ಯಾಪ್‌ಟಾಪಿನ ಸಿಮ್ಯುಲೇಟರಿನಲ್ಲಿ. ಸಿದ್ಧಾಂತ ಏನು ಹೇಳುತ್ತೆ ಅನ್ನೋದನ್ನು ಮಾತ್ರ ಅದು ತೋರಿಸುತ್ತೆ, ಪ್ರಕೃತಿ ಏನು ಮಾಡುತ್ತೆ ಅನ್ನೋದನ್ನಲ್ಲ. ಪ್ರಕೃತಿಯ ಉತ್ತರ ಬೇಕಿದ್ದರೆ ವಿಯೆನ್ನಾಕ್ಕೆ ಹೋಗಬೇಕು. ಅಲ್ಲಿ ಆಂಟನ್ ಝೈಲಿಂಗರ್ ತಂಡ 1999ರಲ್ಲಿ 60 ಇಂಗಾಲದ ಪರಮಾಣುಗಳ ಫುಟ್‌ಬಾಲಿನಂಥ ಅಣು ಕೂಡ ಅಲೆಯ ಹಾಗೆ ವ್ಯತಿಕರಣ ತೋರಿಸುತ್ತೆ ಅಂತ ಮಾಡಿ ತೋರಿಸಿತು. 2004ರಲ್ಲಿ 70 ಇಂಗಾಲದ ಅಣುಗಳನ್ನು ಬಿಸಿ ಮಾಡುತ್ತಾ ಹೋದರು. ಬಿಸಿಯಾದ ಅಣು ತಾನೇ ಬೆಳಕು ಸೂಸುತ್ತೆ, ಕಾದ ಕಬ್ಬಿಣದ ಹಾಗೆ. ಆ ಬೆಳಕು ಅಣು ಎಲ್ಲಿತ್ತು ಅನ್ನುವ ಸುಳಿವನ್ನು ಹೊತ್ತು ಹೊರಗೆ ಹೋಗುತ್ತೆ. ಬಿಸಿ ಹೆಚ್ಚಿದ ಹಾಗೆ ವ್ಯತಿಕರಣದ ಪಟ್ಟಿಗಳು ಮಸುಕಾಗುತ್ತಾ ಹೋಗಿ ಅಳಿಸಿಹೋದವು. ಆ ಬೆಳಕನ್ನು ಯಾರೂ ನೋಡುತ್ತಾ ಕೂತಿರಲಿಲ್ಲ. ಸುಳಿವು ಹೊರಗೆ ಸೋರಿದರೆ ಸಾಕು, ನೋಡುವ ಮನಸ್ಸು ಬೇಕಿಲ್ಲ.

ಹಾಗಾಗಿ "ನೋಡುವವನ ಮನಸ್ಸಿನಿಂದ ವಾಸ್ತವ" ಅಂತ ನಾನು ಅತ್ತೆಗೆ ಬರೆದದ್ದು ತಪ್ಪು. ಕ್ವಾಂಟಮ್ ಫಿಸಿಕ್ಸಿನಲ್ಲಿ "ಅಬ್ಸರ್ವೇಶನ್" ಅನ್ನುವ ಪದ ಇದೆ, ನಿಜ. ನಮ್ಮ ಕೆಲಸದಲ್ಲಿ "ಬಗ್" ಅಂತ ಇದೆಯಲ್ಲ, ಹಾಗೆ. ಅದನ್ನು ಕೇಳಿ ಯಾರೂ ಹಿಟ್ ಸ್ಪ್ರೇ ತರಲ್ಲ :)

*

ಹಾಗಾದರೆ ಫಿಸಿಕ್ಸಿಗೂ ಬೌದ್ಧ ದರ್ಶನಕ್ಕೂ ಮಾತುಕತೆಯೇ ಇಲ್ಲವಾ? ಇದೆ. ಚೆನ್ನಾಗಿಯೇ ಇದೆ. ಅದಕ್ಕೇ ನನಗೆ ಹೊಟ್ಟೆ ಉರಿಯೋದು.

ಶೂನ್ಯ ಅಂದ ತಕ್ಷಣ ನಮಗೆ ಸೊನ್ನೆ ನೆನಪಾಗುತ್ತೆ, ಇಲ್ಲಾ ಅಲ್ಲಮ. ನಾಗಾರ್ಜುನ ಹೇಳುವ ಶೂನ್ಯತೆ "ಏನೂ ಇಲ್ಲ" ಅನ್ನೋದಲ್ಲ. ಸುಮಾರು ಕ್ರಿಸ್ತಶಕ ಎರಡನೇ ಶತಮಾನದ ಈ ಮನುಷ್ಯ ಮೂಲಮಧ್ಯಮಕಕಾರಿಕೆಯ 27 ಅಧ್ಯಾಯಗಳಲ್ಲಿ ಒಂದೊಂದಾಗಿ ಎಲ್ಲವನ್ನೂ ಎತ್ತಿಕೊಳ್ಳುತ್ತಾನೆ. ಕಾರಣ, ಚಲನೆ, ಇಂದ್ರಿಯ, ಕಾಲ, ಕೊನೆಗೆ ನಿರ್ವಾಣವನ್ನೂ ಬಿಡಲ್ಲ. ಪ್ರತಿಯೊಂದರಲ್ಲೂ ಕೇಳುವುದು ಒಂದೇ: ಇದಕ್ಕೆ ಬೇರೆ ಯಾವುದನ್ನೂ ಆಶ್ರಯಿಸದ, ತನ್ನದೇ ಆದ "ಸ್ವಭಾವ" ಇದೆಯಾ? ಇಲ್ಲ ಅಂತ ತೋರಿಸುತ್ತಾನೆ. ಎಲ್ಲವೂ ಒಂದನ್ನೊಂದು ಆಶ್ರಯಿಸಿ ಇದೆ. ಅದು ಪ್ರತೀತ್ಯಸಮುತ್ಪಾದ. ಹಾಗೆ ಇರುವುದಕ್ಕೇ ಶೂನ್ಯತೆ ಅಂತ ಹೆಸರು. ಆ ಶೂನ್ಯತೆಯೂ ಒಂದು ಗಟ್ಟಿ ವಸ್ತುವಲ್ಲ, ಅದೂ ಶೂನ್ಯ.

ಈಗ ಫಿಸಿಕ್ಸ್ ಕಡೆಯಿಂದ ನೋಡಿ. ಜೋಡಿಯಾಗಿ ಹುಟ್ಟಿದ ಎರಡು ಕಣಗಳನ್ನು ದೂರ ದೂರ ಕಳಿಸಿ ಅಳೆಯುತ್ತಾರೆ. ಪ್ರತಿ ಕಣವೂ ಉತ್ತರದ ಚೀಟಿಯನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಹೊರಟಿದ್ದರೆ, ಎರಡರ ಉತ್ತರಗಳು ಎಷ್ಟರ ಮಟ್ಟಿಗೆ ಹೊಂದಬಹುದು ಅನ್ನೋದಕ್ಕೆ ಒಂದು ಮಿತಿ ಇದೆ ಅಂತ 1964ರಲ್ಲಿ ಜಾನ್ ಬೆಲ್ ತೋರಿಸಿದ. ಈ ಲೆಕ್ಕದ ಒಂದು ರೂಪದಲ್ಲಿ ಆ ಮಿತಿ 2. ಕ್ವಾಂಟಮ್ ಸಿದ್ಧಾಂತದ ಪ್ರಕಾರ 2.83ರ ತನಕ ಹೋಗಬಹುದು. ಜಾನ್ ಕ್ಲೌಸರ್ 1972ರಲ್ಲಿ, ಅಲೇನ್ ಆಸ್ಪೆ 1982ರಲ್ಲಿ, ಆಮೇಲೆ ಝೈಲಿಂಗರ್ ಅಳೆದು ನೋಡಿದರು. ಮಿತಿ ಮುರಿದಿತ್ತು. 2022ರ ನೊಬೆಲ್ ಈ ಮೂವರಿಗೆ ಸಿಕ್ಕಿದ್ದು ಇದಕ್ಕೇ. ಚೀಟಿ ಜೇಬಿನಲ್ಲಿರಲಿಲ್ಲ ಅನ್ನಬೇಕು, ಇಲ್ಲವೇ ಅಲ್ಲಿಯ ಅಳತೆ ಇಲ್ಲಿ ಆ ಕ್ಷಣವೇ ಪರಿಣಾಮ ಮಾಡುತ್ತೆ ಅಂತ ಒಪ್ಪಬೇಕು.

"ತನ್ನಷ್ಟಕ್ಕೆ ತಾನೇ ಹೊತ್ತು ತಿರುಗುವ ಗುಣ" ಅನ್ನುವ ಕಲ್ಪನೆ ಎರಡೂ ಕಡೆ ಅಲುಗಾಡಿತು. ಅಲ್ಲಿ ತರ್ಕದಿಂದ, ಇಲ್ಲಿ ಪ್ರಯೋಗದಿಂದ. ಇದು ಸಣ್ಣ ಹೋಲಿಕೆಯಲ್ಲ. ಕಣದ ಗುಣ ಯಾವಾಗಲೂ ಇನ್ನೊಂದರ ಜೊತೆಗಿನ ಸಂಬಂಧದಲ್ಲಷ್ಟೇ ಇದೆ ಅಂತ 1996ರಲ್ಲಿ ವಾದಿಸಿದ ಕಾರ್ಲೋ ರೊವೆಲ್ಲಿಯನ್ನು "ನಾಗಾರ್ಜುನನನ್ನು ಓದಿದ್ದೀರಾ?" ಅಂತ ಜನ ಕೇಳುತ್ತಲೇ ಇದ್ದರಂತೆ. ಕೊನೆಗೆ ಅವರು ಓದಿದರು. 2020ರಲ್ಲಿ ಬಂದ "ಹೆಲ್ಗೊಲ್ಯಾಂಡ್" ಪುಸ್ತಕದಲ್ಲಿ ನಾಗಾರ್ಜುನನ ಬಗ್ಗೆ ಬರೆದರು. ಆದರೆ ನಾಗಾರ್ಜುನನಿಗೆ ಕ್ವಾಂಟಮ್ ಗೊತ್ತಿತ್ತು ಅಂತ ಬರೆಯಲಿಲ್ಲ. ಆತ ಕಟ್ಟಿದ ಯೋಚನೆಯ ದಾರಿ ನನಗೆ ಇವತ್ತು ಉಪಯೋಗಕ್ಕೆ ಬಂತು ಅನ್ನುವ ಅರ್ಥದಲ್ಲಿ ಬರೆದರು. ನನ್ನ ಕಣ್ಣಿಗೆ ಇದೇ ದೊಡ್ಡ ಮರ್ಯಾದೆ.

*

ಮಾರ್ಚಿನಲ್ಲಿ ಆಫೀಸಿನ ನಾಲ್ಕು ಜನ ಕೊಡಗಿಗೆ ಹೊರಟೆವು. ಬೆಂಗಳೂರಿನವರು ಕೊಡಗಿಗೆ ಹೊರಟರೆ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಳ್ಳೋದು ಕಾನೂನು ಇದ್ದ ಹಾಗೆ. ನನಗೆ ಮಾತ್ರ ಅಲ್ಲಿಂದ ಮುಂದೆ ಸೆರಾ ಮಠಕ್ಕೆ ಹೋಗಬೇಕಿತ್ತು. ಯಾಕೆಂದರೆ ನಮ್ಮ ಕರ್ನಾಟಕದಲ್ಲೇ ಈ ಮಾತುಕತೆ ಸದ್ದಿಲ್ಲದೆ ನಡೀತಿದೆ ಅಂತ ಆ ಹೊತ್ತಿಗೆ ಓದಿದ್ದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ 2006ರಲ್ಲಿ ದಲೈ ಲಾಮಾ ಅವರ ಕೋರಿಕೆಯ ಮೇಲೆ ಟಿಬೆಟನ್ ಭಿಕ್ಷುಗಳಿಗೆ ವಿಜ್ಞಾನ ಕಲಿಸುವ ಯೋಜನೆ ಶುರು ಮಾಡಿತು. 2014ರಿಂದ ಅದು ಬೈಲಕುಪ್ಪೆಯ ಸೆರಾ, ಮುಂಡಗೋಡಿನ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳ ಒಳಗೇ ಬಂತು. 2013ರ ಜನವರಿಯಲ್ಲಿ ಮುಂಡಗೋಡಿನ ಡ್ರೆಪುಂಗ್‌ನಲ್ಲಿ ವಿಜ್ಞಾನಿಗಳು ಮತ್ತು ಭಿಕ್ಷುಗಳ ಆರು ದಿನದ ಸಂವಾದ ನಡೆದಿತ್ತು. 2015ರ ನವೆಂಬರ್‌ನಲ್ಲಿ ದೆಹಲಿಯ ಜೆಎನ್‌ಯುನಲ್ಲಿ ಕ್ವಾಂಟಮ್ ಫಿಸಿಕ್ಸ್ ಮತ್ತು ಮಾಧ್ಯಮಿಕ ದರ್ಶನದ ಮೇಲೇ ಎರಡು ದಿನದ ಸಮ್ಮೇಳನ ಆಯ್ತು.

ಸೆರಾದಲ್ಲಿ ಸಂಜೆ ವಾದದ ಅಂಗಳದಲ್ಲಿ ನಿಂತು ನೋಡಿದೆ. ಒಬ್ಬರು ಕೂತಿರ್ತಾರೆ, ಇನ್ನೊಬ್ಬರು ನಿಂತು ಪ್ರಶ್ನೆ ಹಾಕಿ, ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟುತ್ತಾರೆ. ನೋಡಿದರೆ ಜಗಳ ಅನ್ನಿಸುತ್ತೆ. ಅಲ್ಲೇ ಹುಟ್ಟಿ ಬೆಳೆದ ಒಬ್ಬ ಯುವ ಭಿಕ್ಷು ಸಿಕ್ಕರು. ಪಿರಿಯಾಪಟ್ಟಣದ ಕಡೆಯ ಸೊಗಸಾದ ಕನ್ನಡ. ಕೂತವರಿಗೆ ಉತ್ತರ ಕೊಡಲು ಇರುವುದು ನಾಲ್ಕೇ ದಾರಿ ಅಂತ ವಿವರಿಸಿದರು. "ಒಪ್ಪಿದೆ", "ಯಾಕೆ?", "ಕಾರಣ ಸಿದ್ಧವಾಗಿಲ್ಲ", "ವ್ಯಾಪ್ತಿ ಇಲ್ಲ". ವ್ಯಾಪ್ತಿ ಅಂದರೆ, ಹೊಗೆ ಇರುವಲ್ಲೆಲ್ಲಾ ಬೆಂಕಿ ಇರಬೇಕು ಅನ್ನುವ ಸಂಬಂಧ. ದಿಙ್ನಾಗ, ಧರ್ಮಕೀರ್ತಿಯರ ಕಾಲದಿಂದ ಬಂದ ಹತಾರ ಇದು.

ನನಗೆ ತಮಾಷೆ ಅನ್ನಿಸಿ ಆ ಫಾರ್ವರ್ಡನ್ನೇ ಅವರ ಮುಂದಿಟ್ಟೆ. "ಅಳೆಯುವ ಮೊದಲು ಎಲೆಕ್ಟ್ರಾನಿಗೆ ನಿಶ್ಚಿತ ಗುಣ ಇಲ್ಲ, ಆದ್ದರಿಂದ ಬುದ್ಧ ಹೇಳಿದ್ದು ಸಾಬೀತಾಯ್ತು."

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ವ್ಯಾಪ್ತಿ ಇಲ್ಲ ಸಾರ್," ಅಂದರು. "ಎಲೆಕ್ಟ್ರಾನಿಗೆ ನಿಶ್ಚಿತ ಗುಣ ಇದ್ದಿದ್ರೆ ಶೂನ್ಯತೆ ಸುಳ್ಳಾಗ್ತಿತ್ತಾ? ಈ ಗೋಡೆಗೆ ನಿಶ್ಚಿತ ಗುಣ ಇದೆ. ಆದ್ರೂ ಶೂನ್ಯ. ಇಟ್ಟಿಗೆ, ಸಿಮೆಂಟು, ಕಟ್ಟಿದೋರು, ಗೋಡೆ ಅಂತ ಕರೆಯೋರು, ಇಷ್ಟನ್ನೆಲ್ಲಾ ಹಿಡ್ಕೊಂಡು ತಾನೆ ಅದು ಇರೋದು?"

ಬಾಯಿ ಮುಚ್ಚಿಕೊಂಡೆ. ಇಪ್ಪತ್ತೆರಡು ಕೈಮುಗಿದ ಮೆಸೇಜನ್ನು ಅವರು ಒಂದೇ ಪದದಲ್ಲಿ ಮುಗಿಸಿದ್ದರು. ಅದೂ ಬೌದ್ಧ ದರ್ಶನವನ್ನು ಎತ್ತಿ ಹಿಡಿಯುವ ಮೆಸೇಜನ್ನು!

ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. "ಅಳೆಯೋ ಯಂತ್ರಾನೂ ಪರಮಾಣುಗಳಿಂದಲೇ ಆಗಿರೋದು ಅಲ್ವಾ ಸಾರ್? ಪರಮಾಣುಗೆ ಒಂದು ನಿಯಮ, ಯಂತ್ರಕ್ಕೆ ಇನ್ನೊಂದು ನಿಯಮ ಹೆಂಗಾಗುತ್ತೆ? ನೀವು ಎಲ್ಲಿ ಗೆರೆ ಹಾಕ್ತೀರಿ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಮನೆಗೆ ಬಂದು ಓದಿದ ಮೇಲೆ ಗೊತ್ತಾಗಿದ್ದು, ಫಿಸಿಸಿಸ್ಟುಗಳ ಹತ್ತಿರವೂ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಇದನ್ನೇ "ಮೆಷರ್ಮೆಂಟ್ ಪ್ರಾಬ್ಲಮ್" ಅಂತ ನೂರು ವರ್ಷದಿಂದ ಎಳೆದಾಡುತ್ತಿದ್ದಾರೆ. ಬಿಸಿ ಅಣುವಿನ ಪ್ರಯೋಗ ಪಟ್ಟಿ ಯಾಕೆ ಮಸುಕಾಗುತ್ತೆ ಅಂತ ಹೇಳುತ್ತೆ. ಕೊನೆಗೆ ಇದೇ ಒಂದು ಉತ್ತರ ಯಾಕೆ ಬಂತು ಅಂತ ಹೇಳಲ್ಲ. "ಬಾಯಿ ಮುಚ್ಚಿಕೊಂಡು ಲೆಕ್ಕ ಮಾಡು" ಅನ್ನೋದು ಈ ವಿಷಯದಲ್ಲಿ ಬಹಳ ದಿನ ನಡೆದ ಪದ್ಧತಿ. ಎಲ್ಲಿಯೂ ಆಧಾರದ ಗಟ್ಟಿನೆಲ ಒಪ್ಪದ ಒಂದು ದರ್ಶನದಲ್ಲಿ ತಯಾರಾದವರು ಸರಿಯಾಗಿ ಆ ಜಾಗಕ್ಕೇ ಬೆರಳಿಟ್ಟರು. ಸಂವಾದದ ಲಾಭ ಅಂದರೆ ಇದು.

*

ಇನ್ನೊಂದು ವಿಷಯ ಇದೆ. ಯಾವ ಫಾರ್ವರ್ಡಿನಲ್ಲೂ ನಾನು ಇದನ್ನು ನೋಡಿಲ್ಲ. ಇಬ್ಬರೂ ನೇರವಾಗಿ ಡಿಕ್ಕಿ ಹೊಡೆಯುವ ಜಾಗ ಅದು.

1997ರಲ್ಲಿ ಧರ್ಮಶಾಲಾದಲ್ಲಿ ಝೈಲಿಂಗರ್ ಮತ್ತಿತರ ವಿಜ್ಞಾನಿಗಳು ದಲೈ ಲಾಮಾ ಜೊತೆ ದಿನಗಟ್ಟಲೆ ಕೂತರು. ಮರುವರ್ಷ ಇನ್ಸ್‌ಬ್ರುಕ್‌ನ ಝೈಲಿಂಗರ್ ಲ್ಯಾಬಿಗೆ ದಲೈ ಲಾಮಾ ಹೋಗಿ ಬಂದರು. ಅಲ್ಲಿ ಸಿಕ್ಕಿಬಿದ್ದ ಮಾತು ಕಾರಣದ್ದು. ಒಂದು ಫೋಟಾನು ಅರೆಪಾರದರ್ಶಕ ಕನ್ನಡಿಗೆ ಬಂತು. ದಾಟಿ ಹೋಯಿತು, ಇಲ್ಲಾ ವಾಪಸ್ ಬಂತು. ಈ ಸಲ ದಾಟಿದ್ದಕ್ಕೆ ಕಾರಣ ಏನು? ಕಾರಣವೇ ಇಲ್ಲ, ನಮಗೆ ಗೊತ್ತಿಲ್ಲ ಅಂತಲ್ಲ, ಇಲ್ಲವೇ ಇಲ್ಲ ಅನ್ನೋದು ಝೈಲಿಂಗರ್ ನಿಲುವು. ಕಾರಣವಿಲ್ಲದೆ ಏನೂ ಹುಟ್ಟಲ್ಲ ಅನ್ನೋದು ಬೌದ್ಧ ದರ್ಶನದ ಬುನಾದಿ. ನಾಗಾರ್ಜುನ ಮೊದಲ ಅಧ್ಯಾಯದಲ್ಲೇ, ವಸ್ತು ತನ್ನಿಂದ ಹುಟ್ಟಲ್ಲ, ಬೇರೆಯದರಿಂದ ಹುಟ್ಟಲ್ಲ, ಎರಡರಿಂದಲೂ ಹುಟ್ಟಲ್ಲ ಅಂತ ಹೇಳುವಾಗ, ಕಾರಣವಿಲ್ಲದೆಯೂ ಹುಟ್ಟಲ್ಲ ಅಂತ ಸೇರಿಸುತ್ತಾನೆ. ದಲೈ ಲಾಮಾ ಅವರಿಗೆ ಝೈಲಿಂಗರ್ ಮಾತು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ.

ಕನ್ನಡಿ ಇದೆ, ಫೋಟಾನು ಇದೆ, ಇಷ್ಟು ಸಲದಲ್ಲಿ ಇಷ್ಟು ಅನ್ನುವ ಸಂಭವನೀಯತೆಯೂ ನಿಶ್ಚಿತ, ಇಷ್ಟೇ ಪ್ರತ್ಯಯ ಸಾಕು ಅಂತ ಬೌದ್ಧರ ಪರವಾಗಿ ವಾದಿಸಬಹುದು. ಕ್ವಾಂಟಮ್ ಸಮೀಕರಣಗಳನ್ನು ಇಟ್ಟುಕೊಂಡೇ ಡೇವಿಡ್ ಬೋಮ್ 1952ರಲ್ಲಿ ಬೇರೆ ಕಥೆ ಹೇಳಿದ. ಅದರಲ್ಲಿ ಕಣಕ್ಕೆ ಯಾವಾಗಲೂ ನಿಶ್ಚಿತ ಜಾಗ ಇದೆ, ಕಾರಣವೂ ಇದೆ. 1957ರಲ್ಲಿ ಹ್ಯೂ ಎವರೆಟ್ ಹೇಳಿದ ಕಥೆಯಲ್ಲಿ ಎರಡೂ ಉತ್ತರ ನಡೆಯುತ್ತವೆ. ಲೆಕ್ಕ ಒಂದೇ, ಕಥೆ ಬೇರೆ ಬೇರೆ. "ಕ್ವಾಂಟಮ್ ಸಾಬೀತು ಮಾಡಿದೆ" ಅನ್ನುವವರನ್ನು ಯಾವ ಕ್ವಾಂಟಮ್ ಅಂತ ಮೊದಲು ಕೇಳಬೇಕು. ತಮಾಷೆ ಏನು ಗೊತ್ತಾ? ದಲೈ ಲಾಮಾ ಅವರಿಗೆ ಫಿಸಿಕ್ಸ್ ಹೇಳಿಕೊಟ್ಟವರಲ್ಲಿ ಇದೇ ಬೋಮ್ ಕೂಡ ಒಬ್ಬರು!

ಇನ್ನು ವಿಜ್ಞಾನದ ಗೂಟಕ್ಕೆ ಧರ್ಮವನ್ನು ಕಟ್ಟಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಪಾಠ ಇದೆ. 1975ರಲ್ಲಿ ಫ್ರಿಟ್ಜಾಫ್ ಕಾಪ್ರಾ ಅವರ "ದ ತಾವೋ ಆಫ್ ಫಿಸಿಕ್ಸ್" ಬಂತು. ಯಾವ ಕಣವೂ ಮೂಲವಲ್ಲ, ಪ್ರತಿಯೊಂದೂ ಉಳಿದವುಗಳಿಂದ ಆದದ್ದು ಅನ್ನುವ, ಜೆಫ್ರಿ ಚೂ ಅವರ ಬೂಟ್‌ಸ್ಟ್ರಾಪ್ ಸಿದ್ಧಾಂತವನ್ನು ಕಾಪ್ರಾ ಮಹಾಯಾನದ ಇಂದ್ರಜಾಲದ ಚಿತ್ರಕ್ಕೆ ಹೋಲಿಸಿದರು. ಕೇಳೋಕೆ ಚೆಂದ. ಆದರೆ ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ, 1974ರ ನವೆಂಬರಿನಲ್ಲಿ, ಜೆ-ಸೈ ಕಣ ಸಿಕ್ಕಿ ಕ್ವಾರ್ಕುಗಳ ಕಡೆ ತಕ್ಕಡಿ ವಾಲಿಬಿಟ್ಟಿತ್ತು. ಪ್ರೋಟಾನಿನ ಒಳಗೆ ನಿಜಕ್ಕೂ ಮೂಲಕಣಗಳಿದ್ದವು. ಬೂಟ್‌ಸ್ಟ್ರಾಪ್ ಮೂಲೆಗೆ ಹೋಯಿತು. ಹಾಗಂತ ಮಹಾಯಾನ ಬಿದ್ದುಹೋಯಿತಾ? ಇಲ್ಲ. ಬೀಳಲಿಲ್ಲ ಅಂದಮೇಲೆ, ಬೂಟ್‌ಸ್ಟ್ರಾಪ್ ಗೆದ್ದಿದ್ದರೆ ಅದು ಮೇಲೇಳುತ್ತಿತ್ತು ಅನ್ನೋದೂ ಸುಳ್ಳು ತಾನೆ? ಸೋತರೆ ನನಗೆ ಸಂಬಂಧ ಇಲ್ಲ, ಗೆದ್ದರೆ ನಂದು ಅನ್ನೋದಕ್ಕೆ ನಮ್ಮೂರಲ್ಲಿ ಬೇರೆ ಹೆಸರಿದೆ.

*

ಮಿಲಿಂದಪನ್ಹದಲ್ಲಿ ಒಂದು ಪ್ರಸಂಗ ಬರುತ್ತೆ. ಯವನ ರಾಜ ಮಿಲಿಂದ, ಭಿಕ್ಷು ನಾಗಸೇನನ ಜೊತೆ ವಾದ ಮಾಡಬೇಕು ಅಂತಾನೆ. ನಾಗಸೇನ ಮೊದಲು ಒಂದು ಷರತ್ತು ಹಾಕುತ್ತಾನೆ. ಪಂಡಿತರ ಹಾಗೆ ವಾದ ಮಾಡುತ್ತೀಯಾದರೆ ಸರಿ, ರಾಜರ ಹಾಗಾದರೆ ಬೇಡ. ಪಂಡಿತರ ವಾದದಲ್ಲಿ ತಪ್ಪು ತೋರಿಸುತ್ತಾರೆ, ತಪ್ಪಿದವರು ಒಪ್ಪುತ್ತಾರೆ, ಯಾರಿಗೂ ಸಿಟ್ಟು ಬರಲ್ಲ. ರಾಜರ ವಾದದಲ್ಲಿ ಎದುರು ಹೇಳಿದವನಿಗೆ ಶಿಕ್ಷೆ.

ನನಗೆ ಅನ್ನಿಸೋದು ಇಷ್ಟೇ. ಸೋಲೋಕೆ ತಯಾರಿಲ್ಲದಿದ್ದರೆ ಅದು ಸಂವಾದವೇ ಅಲ್ಲ. ದಲೈ ಲಾಮಾ ತಯಾರಿದ್ದರು. ತಮ್ಮ ಪರಂಪರೆಯ ಗ್ರಂಥಗಳಲ್ಲಿರುವ, ಮೇರು ಪರ್ವತ ನಡುವೆ ಇರುವ ವಿಶ್ವದ ಚಿತ್ರವನ್ನು ಬಿಡಬೇಕು ಅಂತ 2005ರ ತಮ್ಮ ಪುಸ್ತಕದಲ್ಲಿ ಬರೆದರು. ವಿಜ್ಞಾನ ಖಚಿತವಾಗಿ ತಪ್ಪು ಅಂತ ತೋರಿಸಿದ್ದನ್ನು ಬೌದ್ಧರು ಕೈಬಿಡಬೇಕು ಅಂತಲೂ ಬರೆದರು. ಝೈಲಿಂಗರ್ ಕೂಡ ತಮ್ಮ ಲ್ಯಾಬಿನ ಬಾಗಿಲು ತೆರೆದು, ಕಾರಣದ ಬಗ್ಗೆ ಇಷ್ಟು ಬಿಗಿಯಾದ ಪ್ರಶ್ನೆ ಕೇಳುವವರ ಮುಂದೆ ಕೂತರು.

ಸೋಲೋಕೆ ತಯಾರಿಲ್ಲದವರು ಯಾರು ಹಾಗಾದರೆ? ನಾನು. ನಮ್ಮ ಫ್ಯಾಮಿಲಿ ಗ್ರೂಪು. ನಾಗಾರ್ಜುನನ ಒಂದು ಕಾರಿಕೆ ಓದಿದವರಲ್ಲ, ಒಂದು ಸಮೀಕರಣ ಬಿಡಿಸಿದವರಲ್ಲ. "ನಮ್ಮವರಿಗೆ ಮೊದಲೇ ಗೊತ್ತಿತ್ತು" ಅಂತ ಹೇಳಿಕೊಳ್ಳೋಕೆ ಎರಡೂ ಬೇಕಿಲ್ಲ ನೋಡಿ. ಅದಕ್ಕಿಂತ ನಾಚಿಕೆಯ ವಿಷಯ ಅಂದರೆ, ನಾಗಾರ್ಜುನ ದೊಡ್ಡವನು ಅಂತ ನಂಬೋಕೆ ನಮಗೆ ವಿಯೆನ್ನಾದ ಮೊಹರು ಬೇಕು. ಅಭಿಮಾನದ ವೇಷದಲ್ಲಿರುವ ಕೀಳರಿಮೆ ಇದು ಅಂತ ನನಗನ್ನಿಸುತ್ತೆ. ಕೋಪ ಬಂದರೆ ಬೈಯಿರಿ.

"ಹೋಗಲಿ ಬಿಡಪ್ಪ, ಯಾರಿಗೆ ಏನು ನಷ್ಟ? ಇದರಿಂದಲಾದರೂ ನಾಲ್ಕು ಜನಕ್ಕೆ ವಿಜ್ಞಾನದಲ್ಲಿ ಆಸಕ್ತಿ ಹುಟ್ಟುತ್ತೆ" ಅಂತ ನನ್ನ ರೂಮ್‌ಮೇಟ್ ಹೇಳಿದ. ಮೂರು ವರ್ಷದ ಹಿಂದೆ ನಾನೂ ಹೀಗೇ ಅಂದುಕೊಂಡಿದ್ದೆ. ಈಗ ಹಾಗೆ ಹೇಳೋಕೆ ಧೈರ್ಯ ಬರಲ್ಲ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರ ಹತ್ತು ವಸ್ತುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಕ್ವಾಂಟಮ್ ಹೆಸರಿನ ಪದಕವೂ ಆ ಪಟ್ಟಿಯಲ್ಲಿತ್ತು. ಅವು ವಿಕಿರಣ ಸೂಸುತ್ತಿದ್ದವು, ದಿನಗಟ್ಟಲೆ ಮೈಮೇಲೆ ಹಾಕಿಕೊಳ್ಳಬೇಡಿ ಅಂತ. ಅತ್ತೆಯ ಪದಕ ಆ ಥರದ್ದು ಅಂತ ನಾನು ಹೇಳ್ತಿಲ್ಲ, ಅದನ್ನು ಅಳೆಯುವ ಉಪಕರಣ ನನ್ನ ಹತ್ತಿರ ಇಲ್ಲ. ಆದರೆ ಸುಳ್ಳು ಸಿದ್ಧಾಂತ ಅನ್ನೋದು ಗಾಳಿಯಲ್ಲೇ ತೇಲುತ್ತಾ ಇರಲ್ಲ. ಒಂದು ದಿನ ಯಾರದೋ ಕೊರಳಿಗೆ ಬಂದು ನೇತಾಡುತ್ತೆ, ಯಾರದೋ ಮಾತ್ರೆ ಡಬ್ಬಿಗೆ ಕೈ ಹಾಕುತ್ತೆ.

*

ಹೋದ ತಿಂಗಳು ಊರಿಗೆ ಹೋದಾಗ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ. ಆ ಮೆಸೇಜ್ ತೋರಿಸಿ, "ಅತ್ತೆ, ಇದು ನನ್ನ ತಪ್ಪು. ಗೊತ್ತಿಲ್ಲದೆ ಬರೆದಿದ್ದೆ" ಅಂದೆ. ಕ್ಯೂಬಿಟ್, ಬಿಸಿ ಅಣು, ಗೋಡೆ, ಇಟ್ಟಿಗೆ, ಸಿಮೆಂಟು ಎಲ್ಲವನ್ನೂ ಬಿಡಿಸಿ ಹೇಳಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವರು. ಹೂಂ, ಹೂಂ ಅಂತ ಕೇಳಿದರು.

ಕೊನೆಗೆ ಅವರೇ ಕೇಳಿದರು. "ಹಂಗಾದ್ರೆ ಆ ಬುದ್ಧ ಹೇಳಿದ್ದು, ಎಲ್ಲಾ ಒಂದನ್ನೊಂದು ಹಿಡ್ಕೊಂಡು ಇದೆ ಅನ್ನೋದು. ಅದು ಸರಿನೋ ತಪ್ಪೋ?"

"ಅದನ್ನ ಕ್ವಾಂಟಮ್ ಹೇಳೋಕಾಗಲ್ಲ ಅತ್ತೆ. ನಾವೇ ಯೋಚನೆ ಮಾಡಿ ನೋಡಬೇಕು."

"ಇದರಲ್ಲಿ ಯೋಚನೆ ಮಾಡೋದು ಏನಿದೆಯೋ? ಮಾತ್ರೆ ಬಿಟ್ಟೆ, ಬಿಪಿ ಏರ್ತು. ನೀ ಹೇಳಿದ್ದಕ್ಕೆ ನಾ ಪದಕ ತಗೊಂಡೆ. ಪಕ್ಕದ ಮನೆಯೋರು ಎದ್ದಿದ್ದಕ್ಕೆ ನಾ ಬದುಕಿದೆ. ಒಂದನ್ನೊಂದು ಹಿಡ್ಕೊಂಡೇ ಇದೆಯಲ್ಲ!"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಭಿಕ್ಷು ಅಲ್ಲಿದ್ದಿದ್ದರೆ ಬಹುಶಃ "ಒಪ್ಪಿದೆ" ಅನ್ನುತ್ತಿದ್ದರೇನೋ.

ಪದಕ ಈಗ ಅಟ್ಟದ ಮೇಲೆ ಒಂದು ಡಬ್ಬಿಯಲ್ಲಿದೆ. ಐದೂವರೆ ಸಾವಿರದ್ದು ಅಂತ ಬಿಸಾಡೋಕೆ ಅತ್ತೆಗೆ ಮನಸ್ಸಿಲ್ಲ. ಮಾತ್ರೆ ದಿನಾ ತಗೊಳ್ತಿದ್ದಾರೆ. ಗ್ರೂಪಿನಲ್ಲಿ ನನ್ನ ಹಳೇ ಮೆಸೇಜಿನ ಕೆಳಗೆ ತಿದ್ದುಪಡಿ ಹಾಕಿದ್ದೇನೆ. ಅದಕ್ಕೆ ಇದುವ ತನಕ ಕೈಮುಗಿದವರು ಒಬ್ಬರೇ, ಅತ್ತೆ :)

ನಿಮ್ಮ ಮನೆಯಲ್ಲೂ ಇಂಥ "ಸಾಬೀತಾಯ್ತು" ಬಂದಿರುತ್ತೆ. ನೀವು ಏನು ಉತ್ತರ ಕೊಟ್ಟಿರಿ? ಇಲ್ಲಾ ನನ್ನ ಹಾಗೆ ನಕ್ಕು ಸುಮ್ಮನಾದಿರಾ? ಫಿಸಿಕ್ಸ್ ಓದಿದವರು, ದರ್ಶನ ಓದಿದವರು ನಮ್ಮಲ್ಲಿ ಇದ್ದೀರಿ. ಮೇಲೆ ಬರೆದದ್ದರಲ್ಲಿ ಎಲ್ಲಿ ವ್ಯಾಪ್ತಿ ಇಲ್ಲವೋ ಅಲ್ಲಿ ಚಪ್ಪಾಳೆ ತಟ್ಟಿ ಹೇಳಿ. ಒಪ್ಪೋಕೆ ತಯಾರಿದ್ದೀನಿ.